ಮಿಲ್ಲಿಂಗ್ ಯಂತ್ರದಲ್ಲಿ ಉಳಿಯ ಬಳುಕು

ಬಳ್ಳಾರಿಗೆ ಅನತಿದೂರದಲ್ಲಿರುವ ಕೊಳಗಲ್ಲು ಗ್ರಾಮವು ಶಾಸನಾಭ್ಯಾಸಿಗಳಿಗೆ ಸುಪರಿಚಿತವಾದುದು. ರಾಷ್ಟ್ರಕೂಟ ಚಕ್ರವರ್ತಿಯಾದ ಮುಮ್ಮಡಿ ಕೃಷ್ಣನು ಕಾಲವಾಗಿ ಖೊಟ್ಟಿಗನು ಪಟ್ಟವೇರಿದ ಸಮಯವನ್ನು ನಿರ್ಣಯಿಸುವುದಕ್ಕೆ ಅಲ್ಲಿಯ ಕ್ರಿ.ಶ. 967ನೆಯ ಇಸವಿಯ ಶಾಸನವು ಮುಖ್ಯವಾದ ಆಧಾರ. ಅದರ ಪಾಠವಾಗಲಿ ಚರಿತ್ರಾಂಶಗಳಾಗಲಿ ಪ್ರಕೃತ ಲೇಖನದ ವಿಷಯವಲ್ಲ. ಅಂತಹ ಕಲ್ಲುಗಳನ್ನು ಕಂಡರಿಸಿದವರ ಕೈಯಲ್ಲಿದ್ದ ಉಳಿಯನ್ನು ಕುರಿತು ಒಂದೆರಡು ಮಾತುಗಳನ್ನು ಹೇಳಿ, ಅಲ್ಲಿಂದ ಇಂದಿನ ಕಾರ್ಖಾನೆಗಳಲ್ಲಿ ಗಣಕದ ಅಪ್ಪಣೆಯಂತೆ ಲೋಹವನ್ನು ಕೊರೆಯುವ ಮಿಲ್ಲಿಂಗ್ ಯಂತ್ರದ ಉಳಿಗೆ ಬರಬೇಕೆಂದು ನನ್ನ ಉದ್ದೇಶ.

ಕಲ್ಲುಕುಟಿಗನ ಉಳಿಯು ಗಿಡ್ಡವಾಗಿ ದಪ್ಪವಾಗಿರುತ್ತದೆ. ಸುತ್ತಿಗೆಯ ಪೆಟ್ಟು ಅದರ ಉದ್ದದ ನೇರದಲ್ಲಿಯೇ ಬೀಳುತ್ತದೆ. ಹೀಗೆ ನೇರವಾಗಿ ಒತ್ತಿಸಿಕೊಂಡ ದಂಡವು ಕುಗ್ಗುವುದು ಅತ್ಯಲ್ಪ. ಅದೇ ದಂಡವನ್ನು ಒಂದು ಕೊನೆಯಲ್ಲಿ ಬಿಗಿಹಿಡಿದು ಇನ್ನೊಂದು ಕೊನೆಯಲ್ಲಿ ಅಡ್ಡಲಾಗಿ ನೂಕಿದರೆ ಸಂಗತಿಯೇ ಬೇರೆ. 10 ಮಿಲಿಮೀಟರು ದಪ್ಪ, 40 ಮಿಲಿಮೀಟರು ಉದ್ದದ ಒಂದು ದುಂಡು ಸರಳನ್ನು ತೆಗೆದುಕೊಂಡು ಲೆಕ್ಕಮಾಡಿದರೆ, ಅದೇ ಬಲಕ್ಕೆ ಅಡ್ಡಲಾಗಿ ಸರಿಯುವ ದೂರವು ಉದ್ದದಲ್ಲಿ ಕುಗ್ಗುವ ದೂರಕ್ಕಿಂತ ಸುಮಾರು 85 ಪಟ್ಟು ಹೆಚ್ಚಾಗುವುದು. ಸರಳು ಯಾವ ಲೋಹದ್ದೆಂಬುದು ಈ ಪ್ರಮಾಣದಲ್ಲಿ ಬಾರದು. ಆಕಾರ ಮಾತ್ರದಿಂದಲೇ ಇಷ್ಟು ಭೇದ. ಮಿಲ್ಲಿಂಗ್ ಯಂತ್ರದ ಉಳಿಗೆ ದುರದೃಷ್ಟವಶಾತ್ ಈ ಎರಡನೆಯ ಸ್ಥಿತಿಯೇ ಪ್ರಾಪ್ತವಾಗಿದೆ. ಮೇಲ್ಗಡೆ ಹಿಡಿಕೆಯಲ್ಲಿ ಬಿಗಿಯಲ್ಪಟ್ಟು, ತಾನು ಗರಗರನೆ ತಿರುಗುತ್ತ, ತನ್ನ ಪಾರ್ಶ್ವದ ಹಲ್ಲುಗಳಿಂದ ಲೋಹದ ಗೋಡೆಯನ್ನು ಸವರುವುದೇ ಅದರ ಕೆಲಸ.

ಉಳಿಯ ಈ ಚಲನೆಗೆ ಕನ್ನಡದಲ್ಲಿ ಏನೆಂದು ಹೇಳತಕ್ಕದ್ದು? 'ಬಾಗು' ಎನ್ನಬಹುದಾಗಿತ್ತು, ಆದರೆ ಬಾಗಿದ್ದು ಬಾಗಿಯೇ ಉಳಿಯಲೂಬಹುದು. ಬಲ ತಪ್ಪಿದೊಡನೆ ಮೊದಲಿನ ನಿಲುವಿಗೆ ಬರುವ ಬಾಗಿಗೆ 'ಬಳುಕು' ಎಂಬ ಮಾತು ನಮ್ಮಲ್ಲಿ ಸಿದ್ಧವಾಗಿಯೇ ಇದೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ' ಪತ್ರಿಕೆಯನ್ನು ಹೊರಡಿಸಿದಂದಿನಿಂದ ಪರಿಭಾಷೆಯ ಪ್ರಶ್ನೆ ನಮ್ಮನ್ನು ಕಾಡುತ್ತಲೇ ಇದೆ. ಮನೆಯಲ್ಲಿರುವ ಮಾತನ್ನು ಬಿಟ್ಟು ಸಂಸ್ಕೃತ ಧಾತುಗಳನ್ನು ಹುಡುಕಿಕೊಂಡು ಹೋಗುವುದು ಎಲ್ಲೆಡೆಯಲ್ಲಿಯೂ ಅವಶ್ಯವಲ್ಲವೆಂದು ನನಗೆ ತೋರುತ್ತದೆ. ಮಿಲ್ಲಿಂಗ್, ಕಾರ್ಬೈಡ್ ಮುಂತಾದ ಶಬ್ದಗಳನ್ನು ಮಾತ್ರ ಕಾರ್ಖಾನೆಯಲ್ಲಿ ಆಡುವಂತೆಯೇ ಇಟ್ಟುಕೊಂಡಿದ್ದೇನೆ.

ಗಣಕವು ನಡೆಸುವ ಯಂತ್ರದಲ್ಲಿ ಇಂತಹ ತಪ್ಪು ಹೇಗೆ ಉಳಿದೀತೆಂದು ವಾಚಕರು ಕೇಳಬಹುದು. ಅಮೆರಿಕದ ಜಾನ್ ಪಾರ್ಸನ್ಸ್ ಎಂಬಾತನು ಹೆಲಿಕಾಪ್ಟರಿನ ರೆಕ್ಕೆಗಳ ಆಕಾರವನ್ನು ಕರಾರುವಾಕ್ಕಾಗಿ ತೆಗೆಯಬೇಕಾಗಿ ಬಂದಾಗ ಅಂಕೆಗಳಿಂದಲೇ ಯಂತ್ರವನ್ನು ನಡೆಸುವ ಉಪಾಯವನ್ನು ಹೂಡಿದನು. 1952ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಆ ಬಗೆಯ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಲಾಯಿತು. ಅಂದಿನಿಂದ ಇಂದಿನವರೆಗೆ ಯಂತ್ರದ ಬುದ್ಧಿ ಎಷ್ಟೋ ಬೆಳೆದಿದ್ದರೂ ಒಂದು ಅಂಶವು ಸಾಮಾನ್ಯವಾಗಿ ಬದಲಾಗಿಲ್ಲ. ಯಂತ್ರವು ತಿಳಿಯುವುದು ತನ್ನ ಮೇಜೂ ತಲೆಯೂ ಎಲ್ಲಿವೆ ಎಂಬುದನ್ನು. ಅಳತೆಪಟ್ಟಿ ಇರುವುದು ಅಲ್ಲಿ. ಉಳಿಯ ತುದಿ ಎಲ್ಲಿದೆಯೆಂಬುದನ್ನು ಅದು ಊಹಿಸಿಕೊಳ್ಳುತ್ತದೆ. ಉಳಿಯು ಬಳುಕಲಾರದೆಂಬುದೇ ಆ ಊಹೆಯ ತಳಹದಿ. ಮೇಜು ಒಂದು ಮೈಕ್ರಾನಿನಷ್ಟು, ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನಷ್ಟು, ತಪ್ಪದೆ ನಿಂತಿರಬಹುದು. ತುದಿ ಮಾತ್ರ 30 ಮೈಕ್ರಾನು ಆಚೆಗಿರಬಹುದು. ಪರದೆಯ ಮೇಲಿನ ಅಂಕೆಯು ಸುಳ್ಳಲ್ಲ, ಆದರೆ ಅದು ಬೇರೊಂದು ಪ್ರಶ್ನೆಗೆ ಕೊಟ್ಟ ಉತ್ತರ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಬಳ್ಳಾರಿಯ ಸೀಮೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕಂಡ ಪ್ರಸಂಗದಿಂದ. ಉಕ್ಕಿನ ಅಚ್ಚಿನಲ್ಲಿ ಒಂದು ಆಳವಾದ ಗುಳಿಯ ಗೋಡೆಯನ್ನು ನಯಗೊಳಿಸಬೇಕಾಗಿತ್ತು. ಗುಳಿಯು ಆಳವಾದುದರಿಂದ 10 ಮಿಲಿಮೀಟರಿನ ಕಾರ್ಬೈಡ್ ಉಳಿಯನ್ನು ಹಿಡಿಕೆಯಿಂದ 80 ಮಿಲಿಮೀಟರು ಹೊರಕ್ಕೆ ಬಿಟ್ಟಿದ್ದರು. ಒರಟು ಕೆಲಸ ಮುಗಿದಮೇಲೆ ಗೋಡೆಯಲ್ಲಿ ಅರ್ಧ ಮಿಲಿಮೀಟರಿನ ಪದರ ಉಳಿದಿತ್ತು. ಅದನ್ನು ಒಂದೇ ಸಲಕ್ಕೆ ತೆಗೆಯುವಂತೆ ಯಂತ್ರಕ್ಕೆ ಹೇಳಲಾಯಿತು. ಅಳೆದು ನೋಡಿದರೆ 0.18 ಮಿಲಿಮೀಟರು ಲೋಹ ಉಳಿದೇ ಇತ್ತು. ಯಂತ್ರ ನಡೆಸುವ ಹುಡುಗನು ಎರಡನೆಯ ಅಚ್ಚಿಗೆ ಸರಿಯಾಗಿ 0.18ರಷ್ಟೇ ತಿದ್ದುಪಡಿಯನ್ನು ಹಾಕಿದನು. ಆಗಲೂ 0.06ರ ಮೇಲೆ ಸ್ವಲ್ಪ ಉಳಿಯಿತು. ಒಪ್ಪತಕ್ಕ ತಪ್ಪಿನ ಮಿತಿಯಾದರೋ 0.03. ಮೇಲ್ವಿಚಾರಕನು ಹುಡುಗನು ಅಂಕೆಯನ್ನು ತಪ್ಪಾಗಿ ಒತ್ತಿದನೆಂದು ಗದರಿಸಿದನು. ಅವನು ಒತ್ತಿದ ಅಂಕೆ ಸರಿಯಾಗಿಯೇ ಇತ್ತೆಂಬುದು ಯಂತ್ರದ ನೆನಪಿನಲ್ಲಿ ಎಲ್ಲರಿಗೂ ಕಾಣುವಂತಿತ್ತು. ಆದರೂ ಅಳತೆಯು ಅವನ ಪರವಾಗಿ ಸಾಕ್ಷಿ ಹೇಳಲೊಲ್ಲದು. ಎರಡು ಅಚ್ಚಿನ ಉಕ್ಕೂ ಒಬ್ಬನ ಕೆಲಸದ ಹೆಸರೂ ಅಂದು ಈ ಒಗಟಿಗೆ ಸಿಕ್ಕಿಕೊಂಡಿದ್ದವು.

ಬಳುಕಿನ ಗಣಿತವು ಹೊಸದಲ್ಲ. ಗೋಡೆಗೆ ನಾಟಿದ ತೊಲೆಯು ಎಷ್ಟು ಭಾರವನ್ನು ಹೊತ್ತೀತೆಂಬುದನ್ನು ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ವಿಚಾರಿಸಿದ್ದನು. ಬಳುಕಿನ ಸರಿಯಾದ ನಿಯಮವು ಬರ್ನೌಲಿ, ಆಯ್ಲರ್ ಮೊದಲಾದವರಿಂದ 18ನೆಯ ಶತಮಾನದಲ್ಲಿ ಹೊರಪಟ್ಟಿತು. ನಿಯಮದ ಸಾರವೇನೆಂದರೆ: ತುದಿಯ ಬಳುಕು ಬಲಕ್ಕೆ ಸಮಪ್ರಮಾಣದಲ್ಲಿಯೂ, ಉದ್ದದ ಘನಕ್ಕೆ ಸಮಪ್ರಮಾಣದಲ್ಲಿಯೂ, ದಪ್ಪದ ಚತುರ್ಘಾತಕ್ಕೂ ಲೋಹದ ಬಿಗಿತಕ್ಕೂ ವಿಲೋಮಪ್ರಮಾಣದಲ್ಲಿಯೂ ಇರುತ್ತದೆ. ಮೇಲ್ಕಂಡ 10 ಮಿಲಿಮೀಟರಿನ ಕಾರ್ಬೈಡ್ ಉಳಿಯನ್ನೇ ತೆಗೆದುಕೊಳ್ಳೋಣ. ಅದರ ಮೈಯಲ್ಲಿ ಚೂರುಗಳು ಹೊರಬೀಳುವುದಕ್ಕಾಗಿ ತೋಡಿದ ಗಾಡಿಗಳಿರುವುದರಿಂದ ಬಳುಕಿನ ಮಟ್ಟಿಗೆ ಅದು ಸುಮಾರು 8 ಮಿಲಿಮೀಟರಿನ ಸರಳಿನಂತೆ ನಡೆದುಕೊಳ್ಳುತ್ತದೆ. ಹೊರಚಾಚು 40 ಮಿಲಿಮೀಟರು, ತುದಿಯ ಮೇಲಣ ಅಡ್ಡಬಲ 200 ನ್ಯೂಟನ್, ಎಂದರೆ ಸುಮಾರು 20 ಕಿಲೋಗ್ರಾಮಿನ ಭಾರ, ಆದರೆ ಬಳುಕು 35 ಮೈಕ್ರಾನು. ಹೊರಚಾಚನ್ನು 30ಕ್ಕೆ ಇಳಿಸಿದರೆ 15 ಮೈಕ್ರಾನು; 80ಕ್ಕೆ ಏರಿಸಿದರೆ ಎಂಟು ಪಟ್ಟಾಗಿ 0.28 ಮಿಲಿಮೀಟರು. ಕಾರ್ಬೈಡಿಗೆ ಬದಲಾಗಿ ಹೈಸ್ಪೀಡ್ ಉಕ್ಕಿನ ಉಳಿಯನ್ನು ಹಾಕಿದರೆ ಎಲ್ಲವೂ ಸುಮಾರು ಮೂರು ಪಟ್ಟು. ದಪ್ಪವನ್ನು 10ರಿಂದ 12ಕ್ಕೆ ಹೆಚ್ಚಿಸಿದ ಮಾತ್ರಕ್ಕೆ ಬಳುಕು ಅರ್ಧಕ್ಕಿಂತಲೂ ಕೆಳಗೆ ಬರುವುದು. ನುರಿತ ಕೆಲಸಗಾರರು ಉಳಿಯನ್ನು ಆದಷ್ಟು ಗಿಡ್ಡವಾಗಿ ಹಿಡಿಯಿರೆಂದು ಹೇಳುವುದು ಈ ಘನದ ಲೆಕ್ಕವನ್ನು ಕೈಯಿಂದಲೇ ಕಲಿತುಕೊಂಡದ್ದರ ಫಲ. ಉಳಿಯೊಂದೇ ಅಲ್ಲದೆ ಹಿಡಿಕೆಯೂ ತಿರುಗುವ ಕದಿರೂ ಕಿಂಚಿತ್ ಬಳುಕುತ್ತವೆ. ಅವೆಲ್ಲ ತುದಿಯಲ್ಲಿ ಕೂಡಿಕೊಳ್ಳುತ್ತವೆ.

ಇನ್ನು ಒಗಟಿನ ವಿಚಾರ. ಬಳುಕು ಬಲದಿಂದ ಆಗುವುದಷ್ಟೇ ಅಲ್ಲ, ಬಲವೂ ಬಳುಕಿನಿಂದ ಬದಲಾಗುತ್ತದೆ. ಉಳಿಯು ಬಳುಕಿ ಹಿಂದೆ ಸರಿದೊಡನೆ ಅದು ಕೊರೆಯುವ ಪದರವು ತೆಳುವಾಗುವುದು. ಪದರ ತೆಳುವಾದರೆ ಬಲ ಕಡಮೆ. ಬಲ ಕಡಮೆಯಾದರೆ ಬಳುಕೂ ಕಡಮೆ. ಹೀಗೆ ಒಂದನ್ನೊಂದು ತಗ್ಗಿಸುತ್ತ ಎರಡೂ ಒಂದು ಸಮತೋಲದಲ್ಲಿ ನಿಲ್ಲುತ್ತವೆ. ನಮಗೆ ಅಳತೆಗೆ ಸಿಕ್ಕುವುದು ಆ ಸಮತೋಲದ ಬಳುಕು. ಆದರೆ ತಿದ್ದುಪಡಿಯೆಂದು ಉಳಿಯನ್ನು ಇನ್ನಷ್ಟು ಒಳಕ್ಕೆ ದೂಡಿದಾಗ ಪದರವು ಮತ್ತೆ ದಪ್ಪವಾಗಿ, ಬಲ ಹೆಚ್ಚಿ, ಬಳುಕು ಮೊದಲಿಗಿಂತ ಹೆಚ್ಚಾಗುತ್ತದೆ. ಆದುದರಿಂದ ಅಳೆದ ತಪ್ಪೇ ತಿದ್ದುಪಡಿಯ ಮೊತ್ತವೆಂದು ತಿಳಿಯುವುದು ಸರಿಯಲ್ಲ; ತಿದ್ದುಪಡಿಯು ಯಾವಾಗಲೂ ಅದಕ್ಕಿಂತ ಹೆಚ್ಚಾಗಿರತಕ್ಕದ್ದು. ಎಷ್ಟು ಹೆಚ್ಚಾಗಿರಬೇಕೆಂಬುದಕ್ಕೆ ಬಲವನ್ನು ಅಳೆಯುವ ಬೆಲೆಯುಳ್ಳ ಸಾಧನ ಬೇಕಾಗಿಲ್ಲ. ಬಲವು ಪದರದ ದಪ್ಪಕ್ಕೆ ಸಮಪ್ರಮಾಣದಲ್ಲಿದೆಯೆಂದು ಇಟ್ಟುಕೊಂಡರೆ, ಒಡ್ಡಿದ ಆಳಕ್ಕೂ ನಿಜವಾಗಿ ಕೊರೆದ ಆಳಕ್ಕೂ ಇರುವ ಪ್ರಮಾಣ ಒಂದೇ ಆಗಿ ನಿಲ್ಲುತ್ತದೆ. ಹಾಗಿದ್ದಮೇಲೆ ಇದು ತ್ರೈರಾಶಿಕ. ಖೊಟ್ಟಿಗನಿಗಿಂತ ನೂರು ವರ್ಷಕ್ಕೂ ಹಿಂದೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ ವಿಸ್ತರಿಸಿರುವ ಗಣಿತವೇ ಇಲ್ಲಿ ಸಾಕು.

ಅರ್ಧ ಮಿಲಿಮೀಟರನ್ನು ಒಡ್ಡಿದಾಗ ಕೊರೆದದ್ದು 0.32. ಅರ್ಧ ಮಿಲಿಮೀಟರನ್ನು ಕೊರೆಯಬೇಕಾದರೆ ಎಷ್ಟನ್ನು ಒಡ್ಡಬೇಕು? 0.50ನ್ನು 0.50ರಿಂದ ಗುಣಿಸಿ 0.32ರಿಂದ ಭಾಗಿಸಿದರೆ 0.78 ಬರುತ್ತದೆ. ತಿದ್ದುಪಡಿ 0.28 ಆಗಬೇಕಾಗಿತ್ತು, 0.18 ಅಲ್ಲ. ಹುಡುಗನು ಒಟ್ಟು 0.68ನ್ನು ಒಡ್ಡಿದನು, ಅದೇ ಪ್ರಮಾಣದಲ್ಲಿ 0.435 ಕೊರೆದು 0.065 ಉಳಿಯಬೇಕು. ಉಳಿದದ್ದೂ ಅಷ್ಟೇ. ಅವನು ಅಂಕೆಯನ್ನು ತಪ್ಪಲಿಲ್ಲ. ಅವನಿಗೆ ಹೇಳಿಕೊಟ್ಟಿದ್ದ ನಿಯಮವೇ ತಪ್ಪಾಗಿತ್ತು. ಗಿಡ್ಡ ಉಳಿಗಳಲ್ಲಿ ಈ ನಿಯಮದ ದೋಷ ಹೊರಕ್ಕೆ ಕಾಣುವುದಿಲ್ಲವಾದುದರಿಂದಲೇ ಅದು ಇಷ್ಟು ಕಾಲ ಬಾಳಿಕೊಂಡು ಬಂದಿದೆ. 40 ಮಿಲಿಮೀಟರಿನ ಹೊರಚಾಚಿನಲ್ಲಿ ಅದೇ ಪದರಕ್ಕೆ ಲೆಕ್ಕಹಾಕಿದರೆ ಅಳೆದ ತಪ್ಪು 33 ಮೈಕ್ರಾನು, ಬೇಕಾದ ತಿದ್ದುಪಡಿ 35. ಎರಡು ಮೈಕ್ರಾನಿನ ಭೇದವನ್ನು ಯಾರು ಗಮನಿಸುವರು?

ಈ ತ್ರೈರಾಶಿಕಕ್ಕೆ ಮಿತಿಗಳುಂಟು. ಹಲ್ಲಿನ ಅಂಚು ಎಷ್ಟು ಹರಿತವಾದರೂ ಕೊಂಚ ದುಂಡಗಿರುತ್ತದೆ. ಆದುದರಿಂದ ಪದರವು ಎಷ್ಟೇ ತೆಳುವಾಗಲಿ ಉಜ್ಜುವ ಬಲವೊಂದು ಇದ್ದೇ ಇರುತ್ತದೆ. ಅಂಚು ಮೊಂಡಾದಂತೆ ಅದು ಬೆಳೆಯುತ್ತದೆ. ಹೀಗಿರುವುದರಿಂದ ಒಂದೇ ಪರೀಕ್ಷೆಯನ್ನು ನಂಬದೆ ಎರಡು ಬೇರೆ ಬೇರೆ ಆಳಗಳಲ್ಲಿ ಕೊರೆದು ನೋಡಿ, ಆ ಎರಡರ ನಡುವೆ ಗೆರೆಯೆಳೆಯುವುದು ಮೇಲು. ಹಿಂದೆ ಹೇಳಿದ ಅಡ್ಡಬಲದ ಬಿಗಿತವನ್ನು ನೇರವಾಗಿ ಅರಿಯಬೇಕೆನ್ನುವವರು ಯಂತ್ರವನ್ನು ನಿಲ್ಲಿಸಿ, ಉಳಿಯ ತುದಿಗೆ ಸ್ಪ್ರಿಂಗ್ ತಕ್ಕಡಿಯನ್ನು ಕಟ್ಟಿ 10 ಕಿಲೋಗ್ರಾಮಿನಷ್ಟು ಎಳೆದು, ಎದುರಿಗೆ ಡಯಲ್ ಗೇಜನ್ನು ನಿಲ್ಲಿಸಿ ಓದಿಕೊಳ್ಳಬಹುದು. ಹಿಡಿಕೆ, ಕದಿರುಗಳ ಬಳುಕೂ ಇದರಲ್ಲಿ ಸೇರಿ ಬರುವುದರಿಂದ ಪುಸ್ತಕದ ಲೆಕ್ಕಕ್ಕಿಂತ ಇದು ಹೆಚ್ಚು ವಿಶ್ವಾಸಾರ್ಹ.

ಕೆಲಸಗಾರರಲ್ಲಿ ಇನ್ನೊಂದು ರೂಢಿಯೂ ಇದೆ: ಅಂಕೆಗಳನ್ನು ಬದಲಿಸದೆ ಅದೇ ದಾರಿಯಲ್ಲಿ ಉಳಿಯನ್ನು ಮತ್ತೊಮ್ಮೆ ನಡೆಸುವುದು. ಉಳಿದ ತೆಳು ಪದರದ ಮೇಲೆ ಬಲ ಕಡಮೆಯಾದುದರಿಂದ ತಪ್ಪೂ ಕಿರಿದಾಗುತ್ತದೆ. ನಮ್ಮ ಉದಾಹರಣೆಯಲ್ಲಿ 0.18 ಇದ್ದದ್ದು ಎರಡನೆಯ ಸಲಕ್ಕೆ 0.065, ಮೂರನೆಯ ಸಲಕ್ಕೆ 0.023 ಆಗತಕ್ಕದ್ದು. ಆದರೆ ಪದರವು ಅಂಚಿನ ದುಂಡಿಗಿಂತ ಕಿರಿದಾದಮೇಲೆ ಉಳಿಯು ಕೊರೆಯುವುದನ್ನು ಬಿಟ್ಟು ಉಜ್ಜತೊಡಗುವುದು. ಲೋಹವು ತೆಗೆಯಲ್ಪಡದೆ ಒತ್ತಲ್ಪಡುವುದು, ಉಳಿ ಬೇಗನೆ ಸವೆಯುವುದು. ಸಮಯ ನಷ್ಟವಂತೂ ಹೇಳಬೇಕಾಗಿಲ್ಲ.

ಇದುವರೆಗೆ ಗೋಡೆಯು ಮೇಲಿನಿಂದ ಕೆಳಗಿನವರೆಗೂ ಒಂದೇ ಸಮನಾಗಿ ತಪ್ಪಿದೆಯೆಂಬಂತೆ ಮಾತನಾಡಿದೆವು. ನಿಜಸ್ಥಿತಿ ಹಾಗಿಲ್ಲ, ಮತ್ತು ಈ ವಿಷಯದಲ್ಲಿ ಅತ್ಯಂತ ಸ್ವಾರಸ್ಯವಾದ ಭಾಗವೂ ಇದೇ. ಹಲ್ಲುಗಳು ಉಳಿಯ ಮೈಯಲ್ಲಿ ಬಳ್ಳಿಯಂತೆ ಸುತ್ತಿಕೊಂಡಿರುತ್ತವೆ. ಗೋಡೆಯ ಮೇಲಿನ ಪ್ರತಿಯೊಂದು ಬಿಂದುವನ್ನೂ ಅಂತಿಮವಾಗಿ ರೂಪಿಸುವುದು ಹಲ್ಲಿನ ಒಂದೇ ಒಂದು ಬಿಂದು, ಅದೂ ಒಂದು ಕ್ಷಣದಲ್ಲಿ. ಆ ಕ್ಷಣದಲ್ಲಿ ಉಳಿಯು ಎಷ್ಟು ಬಳುಕಿರುವುದೋ ಅಷ್ಟೇ ಗೋಡೆಯಲ್ಲಿ ಅಚ್ಚೊತ್ತುತ್ತದೆ. ಉಳಿದ ಹೊತ್ತಿನ ಬಳುಕು ಗುರುತಿಲ್ಲದೆ ಹೋಗುತ್ತದೆ. ಹಲ್ಲು ದಪ್ಪವಾದ ಚೂರಿನಿಂದ ಆರಂಭಿಸಿ ಗೋಡೆಯ ಬಳಿ ತೆಳುವಾಗಿ ಮುಗಿಸುವ ಡೌನ್ ಮಿಲ್ಲಿಂಗಿನಲ್ಲಿ, ಹಲ್ಲಿನ ಕೆಳತುದಿಯು ಗೋಡೆಯನ್ನು ಮುಟ್ಟುವಾಗ ಅದರ ಮೇಲಣ ಭಾಗವೆಲ್ಲ ಇನ್ನೂ ಲೋಹದೊಳಗೆ ದುಡಿಯುತ್ತಿರುತ್ತದೆ. ಬಲ ಹೆಚ್ಚಾಗಿರುವ ಆ ಕ್ಷಣದ ಬಳುಕು ಗೋಡೆಯ ಬುಡದಲ್ಲಿ ಉಳಿಯುತ್ತದೆ. ಮುಟ್ಟುವ ಬಿಂದು ಮೇಲೇರಿದಂತೆ ದುಡಿಯುವ ಭಾಗ ಕಿರಿದಾಗುತ್ತ ಬರುವುದರಿಂದ ಗೋಡೆಯ ಮೇಲ್ಗಡೆ ತಪ್ಪು ಕಡಮೆ. ಫಲವಾಗಿ ನೆಟ್ಟಗಿರಬೇಕಾದ ಗೋಡೆಯು ಬುಡದಲ್ಲಿ ದಪ್ಪವಾಗಿ ನಿಲ್ಲುತ್ತದೆ. ಇದಿರಾಗಿ ಕೊರೆಯುವ ಅಪ್ ಮಿಲ್ಲಿಂಗಿನಲ್ಲಿ ಹಲ್ಲು ಗೋಡೆಯಿಂದಲೇ ಆರಂಭಿಸುವುದರಿಂದ, ಒಂದೇ ಹಲ್ಲು ಲೋಹದಲ್ಲಿರುವಾಗ ಬುಡದಲ್ಲಿ ತಪ್ಪು ಅಲ್ಪವಾಗಿ ಮೇಲಕ್ಕೆ ಬೆಳೆಯುತ್ತ ಹೋಗುತ್ತದೆ. ಡೌನ್ ಮಿಲ್ಲಿಂಗಿನ ಬಲವು ಉಳಿಯನ್ನು ಯಾವಾಗಲೂ ಗೋಡೆಯಿಂದ ದೂರಕ್ಕೆ ತಳ್ಳುವುದು. ಅಪ್ ಮಿಲ್ಲಿಂಗಿನಲ್ಲಿ ಪದರವು ತೆಳುವಾಗಿದ್ದರೆ ದೂರಕ್ಕೆ ತಳ್ಳುವುದೂ, ದಪ್ಪವಾಗಿದ್ದರೆ ಗೋಡೆಯೊಳಕ್ಕೆ ಸೆಳೆಯುವುದೂ ಸಂಭವಿಸುತ್ತದೆ. ಒಳಕ್ಕೆ ಸೆಳೆದು ಹೆಚ್ಚಾಗಿ ಕೊರೆದ ಲೋಹವನ್ನು ಮರಳಿ ಅಂಟಿಸಲಾಗದು. ಆದಕಾರಣ ಕೊನೆಯ ಸವರಿಕೆಗೆ ಡೌನ್ ಮಿಲ್ಲಿಂಗನ್ನೇ ಬಹುಮಂದಿ ಆರಿಸಿಕೊಳ್ಳುತ್ತಾರೆ.

ಹಲ್ಲುಗಳ ಮೇಲೆ ಕ್ಷಣಕ್ಷಣಕ್ಕೂ ಏರಿಳಿಯುವ ಬಲವನ್ನು 1961ರಲ್ಲಿ ಕೋನಿಗ್ಸ್‌ಬರ್ಗರ್ ಮತ್ತು ಸಭರ್ವಾಲ್ ಎಂಬವರು ಪ್ರಯೋಗಗಳಿಂದ ವಿವೇಚಿಸಿದರು. 1982ರಲ್ಲಿ ಕ್ಲೈನ್, ಡಿವೋರ್ ಮತ್ತು ಷರೀಫ್ ಎಂಬವರು ಆ ಬಲವನ್ನೂ ಬಳುಕನ್ನೂ ಕೂಡಿಸಿ, ಗೋಡೆಯ ಅಂತಿಮ ರೂಪವನ್ನು ಮೊದಲೇ ಗಣಿಸುವ ಮಾರ್ಗವನ್ನು ಪ್ರಕಟಿಸಿದರು. ಉಳಿಯ ದಾರಿಯನ್ನು ಮುಂಚಿತವಾಗಿಯೇ ತಿದ್ದುವ ವಿಧಾನಗಳು ಇಂತಹ ಗಣನೆಯನ್ನು ಆಶ್ರಯಿಸಿವೆ: ಎಲ್ಲಿ ಎಷ್ಟು ಬಳುಕುವುದೋ ಅಲ್ಲಿ ಅಷ್ಟನ್ನು ಎದುರುದಿಕ್ಕಿನಲ್ಲಿ ಸೇರಿಸಿ ದಾರಿಯನ್ನು ಬರೆಯುವುದು. ಮೂಲೆಗಳಲ್ಲಿ ಉಳಿಯು ಹೆಚ್ಚು ಲೋಹದೊಳಗೆ ಹೂತುಕೊಳ್ಳುವುದರಿಂದ ಅಲ್ಲಿಯ ತಿದ್ದುಪಡಿ ನೇರ ಗೋಡೆಯದಕ್ಕಿಂತ ಬೇರೆಯಾಗಿರಬೇಕಾಗುತ್ತದೆ. ಒಂದೇ ಅಂಕೆಯನ್ನು ಎಲ್ಲೆಡೆಗೂ ಹಾಕುವ ಸಾಮಾನ್ಯ ತಿದ್ದುಪಡಿಯಿಂದ ಇದು ಸಾಧ್ಯವಿಲ್ಲ. ಆದರೆ ದಾರಿಯನ್ನು ಹೇಗೆ ಸರಿಸಿದರೂ ಗೋಡೆಯ ಓರೆಯು ಅದರಿಂದ ಹೋಗದು, ಏಕೆಂದರೆ ಸರಿಸುವುದೆಂದರೆ ಬುಡವನ್ನೂ ತಲೆಯನ್ನೂ ಒಟ್ಟಿಗೆ ಸರಿಸುವುದು. ಅದಕ್ಕೆ ಉಳಿಯನ್ನೇ ಓರೆಯಾಗಿ ಹಿಡಿಯಬಲ್ಲ ಐದು ಅಕ್ಷಗಳ ಯಂತ್ರ ಬೇಕು, ಇಲ್ಲವೆ ಬಲವನ್ನೇ ತಗ್ಗಿಸಬೇಕು.

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ನೆಲೆಯಾದುದು ಬೆಂಗಳೂರು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಕಾರದೊಡನೆ 1953ರಲ್ಲಿ ಅಲ್ಲಿ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪಿತವಾಯಿತು. 1961ರಲ್ಲಿ ಮಿಲ್ಲಿಂಗ್ ಯಂತ್ರಗಳಿಗೆ ಹೆಸರಾದ ಭಾರತ್ ಫ್ರಿಟ್ಜ್ ವರ್ನರ್, 1962ರಲ್ಲಿ ಕೇಂದ್ರ ಯಂತ್ರೋಪಕರಣ ಸಂಸ್ಥೆ ಹುಟ್ಟಿದವು. ಈ ಕೊನೆಯ ಸಂಸ್ಥೆಯು ಸಿದ್ಧಪಡಿಸಿದ ಯಂತ್ರೋಪಕರಣ ವಿನ್ಯಾಸದ ಕೈಪಿಡಿಯನ್ನು ತಿರುವಿಹಾಕದ ಯಂತ್ರಶಾಸ್ತ್ರದ ವಿದ್ಯಾರ್ಥಿ ಕರ್ಣಾಟಕದಲ್ಲಿ ವಿರಳ. ಆದರೆ ಕೈಪಿಡಿ ಇಂಗ್ಲಿಷಿನಲ್ಲಿದೆ. ಯಂತ್ರದ ಮುಂದೆ ನಿಲ್ಲುವವನು ಎಷ್ಟೋ ಸಲ ಕನ್ನಡದಲ್ಲಿ ಓದಿ ಬಂದವನು. 1940ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿಮಾನ ಕಾರ್ಖಾನೆಯಂತಹ ಕಡೆಗಳಲ್ಲಿ ಸಮಸ್ಯೆ ಇಮ್ಮಡಿಸುತ್ತದೆ. ವಿಮಾನದ ಅಂಗಗಳಲ್ಲಿ ಅಲ್ಯುಮಿನಿಯಮಿನ ಗೋಡೆಗಳು ಬಹಳ ತೆಳುವಾಗಿರುವುದರಿಂದ ಉಳಿಯ ಜತೆಗೆ ಗೋಡೆಯೂ ಬಳುಕುತ್ತದೆ. ಕೊರೆದಂತೆಲ್ಲ ಅದು ಇನ್ನೂ ತೆಳುವಾಗಿ ಇನ್ನೂ ಬಳುಕುತ್ತದೆ. ಅದರ ಲೆಕ್ಕ ಪ್ರತ್ಯೇಕ ಲೇಖನಕ್ಕೆ ಸಾಕಾಗುವಷ್ಟಿದೆ.

ಮುಟ್ಟಿ ತಿಳಿಯುವ ಅಳತೆಮೊನೆಯನ್ನು ಯಂತ್ರಕ್ಕೇ ಅಳವಡಿಸಿದರೆ ಸಾಲದೇ ಎಂದು ಕೇಳುವವರುಂಟು. ಈ ಮೊನೆಯನ್ನು 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಡೇವಿಡ್ ಮೆಕ್‌ಮರ್ಟ್ರಿ ಎಂಬಾತನು ಕಾಂಕಾರ್ಡ್ ವಿಮಾನದ ಎಂಜಿನ್ನಿನ ಕೊಳವೆಗಳನ್ನು ಅಳೆಯುವುದಕ್ಕಾಗಿ ಕಂಡುಹಿಡಿದನು. ಅದು ಅತ್ಯಂತ ಉಪಯುಕ್ತ. ಕೆಲಸವನ್ನು ಯಂತ್ರದಿಂದ ಕೆಳಗಿಳಿಸದೆಯೇ ಉಳಿದ ಪದರವನ್ನು ಅಳೆಯಬಹುದು. ಆದರೆ ಅದು ತಪ್ಪನ್ನು ಹೇಳುವುದೇ ಹೊರತು ತಿದ್ದುಪಡಿಯನ್ನಲ್ಲ. ಅದು ಕೊಟ್ಟ 0.18ನ್ನು 0.28 ಮಾಡತಕ್ಕವರು ನಾವೇ.

ಬಳ್ಳಾರಿಯ ಆ ಕಾರ್ಖಾನೆಯಲ್ಲಿ ಮೂರನೆಯ ಅಚ್ಚಿಗೆ 0.28ನ್ನು ಹಾಕಿ ನಡೆಸಿದರು. ಗೋಡೆಯ ನಡುಮಟ್ಟದಲ್ಲಿ ಅಳತೆ ಮಿತಿಯೊಳಗೆ ಬಂದಿತು. ಬುಡದಲ್ಲಿ ಇನ್ನೂ ದಪ್ಪ, ತಲೆಯಲ್ಲಿ ಕೊಂಚ ಹೆಚ್ಚು ಕೊರೆತ. ಬಳಿಕ ಹಿಡಿಕೆಯನ್ನು ಬದಲಿಸಿ, ಗುಳಿಯೊಳಕ್ಕೆ ಇಳಿಯುವಂತಹ ಸಣಕಲು ಮೂತಿಯ ಹಿಡಿಕೆಯೊಂದನ್ನು ತಂದು ಉಳಿಯ ಹೊರಚಾಚನ್ನು 80ರಿಂದ 50ಕ್ಕೆ ಇಳಿಸಿದರು; ಕೊನೆಯ ಪದರವನ್ನೂ ಅರ್ಧದಿಂದ 0.2 ಮಿಲಿಮೀಟರಿಗೆ ತಂದರು. ನಾಲ್ಕನೆಯ ಅಚ್ಚು ಬುಡದಿಂದ ತಲೆಯವರೆಗೂ ಮಿತಿಯೊಳಗಿತ್ತು. ಮೊದಲಿನ ಎರಡರಲ್ಲಿ ಲೋಹ ಹೆಚ್ಚಾಗಿಯೇ ಉಳಿದಿತ್ತಷ್ಟೆ. ಅವನ್ನೂ ಆ ಹುಡುಗನೇ ಮತ್ತೆ ಮೇಜಿಗೆ ಏರಿಸಿ, ಉಳಿದ ಪದರವನ್ನು ಮೊನೆಯಿಂದ ಅಳೆದು, ಕಾಗದದ ಚೂರಿನ ಮೇಲೆ ತ್ರೈರಾಶಿಕವನ್ನು ಹಾಕಿಕೊಂಡು ಸರಿಪಡಿಸಿದನು.